ಧಾರವಾಡದಲ್ಲಿ ಬಾಡಿಗೆ ಮನೆ: ನೀರು ಕೇಳಿ ಓಣಿ ಹಿಡಿದೆವು

ಧಾರವಾಡಕ್ಕೆ ಓದಲು ಬರುವವರು ಮನೆ ಹುಡುಕುವಾಗ ಮೊದಲು ಕೇಳುವುದು "ಯೂನಿವರ್ಸಿಟಿಯಿಂದ ಎಷ್ಟು ದೂರ?" ಎಂದು. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಆ ಓಣಿಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಮೊದಲನೆಯದು. ಜುಲೈ ತಿಂಗಳಲ್ಲಿ ಆ ಮನೆಯ ಗೋಡೆಗಳು ಹೇಗಿರುತ್ತವೆ ಎಂಬುದು ಎರಡನೆಯದು.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನನಗೆ ಪಿಎಚ್.ಡಿ.ಗೆ ಅವಕಾಶ ಸಿಕ್ಕಾಗ ನಾವು ತಿಪಟೂರಿನಲ್ಲಿದ್ದೆವು. ಅದೇ ಹೊತ್ತಿಗೆ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಮಗಳು ನಾಲ್ಕನೇ ತರಗತಿ. ಮೂವರಿಗೆ ಮೂರು ದಿಕ್ಕು. ಹುಬ್ಬಳ್ಳಿಯಲ್ಲೇ ಮನೆ ಮಾಡಿ ಎಂದವರೂ ಇದ್ದರು. ಆದರೆ ಸಂಜೆ ಗ್ರಂಥಾಲಯದಲ್ಲಿ ಕುಳಿತು ಓದಬೇಕಾದವಳು ನಾನು, ತಡವಾಗಿ ಮನೆಗೆ ಬರುವವಳೂ ನಾನೇ. ಎಲ್ಲರಿಗಿಂತ ತಡವಾಗಿ ಮನೆಗೆ ಮರಳುವವರಿಗೆ ದಾರಿ ಸಲೀಸಾಗಿರಬೇಕು ಎಂದು ಮನೆಯಲ್ಲಿ ತೀರ್ಮಾನಿಸಿದೆವು. ಹಾಗಾಗಿ ಧಾರವಾಡ.

ಈ ಊರು ಒಂದು ಕಾಲೇಜಿನ ಸುತ್ತ ಬೆಳೆದದ್ದಲ್ಲ ಎಂಬುದನ್ನು ಹೊಸಬರು ಮೊದಲು ತಿಳಿದಿರಬೇಕು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಒಂದು ಕಡೆ, ಗುಡ್ಡದ ಮೇಲೆ ವಿಶ್ವವಿದ್ಯಾಲಯ ಇನ್ನೊಂದು ಕಡೆ. ಕೃಷಿ ವಿಶ್ವವಿದ್ಯಾಲಯ ಬೆಳಗಾವಿ ದಿಕ್ಕಿಗೆ, ವೈದ್ಯಕೀಯ ಕಾಲೇಜು ಹುಬ್ಬಳ್ಳಿ ದಿಕ್ಕಿನ ಸತ್ತೂರಿನಲ್ಲಿ. ಐಐಟಿ 2023ರಲ್ಲಿ ಊರ ಹೊರಗಿನ ಚಿಕ್ಕಮಲ್ಲಿಗವಾಡದ ಸ್ವಂತ ಆವರಣದಲ್ಲಿ ಉದ್ಘಾಟನೆಗೊಂಡಿದೆ. "ಕಾಲೇಜಿಗೆ ಹತ್ತಿರ, ಐದೇ ನಿಮಿಷ" ಎಂದು ಮಧ್ಯವರ್ತಿ ಹೇಳಿದರೆ ಯಾವ ಕಾಲೇಜು ಎಂದು ಕೇಳಲೇಬೇಕು. ಕೇಳಿದ ಮೇಲೆ ಐದು ನಿಮಿಷ ಯಾವುದರಲ್ಲಿ ಎಂದೂ ಕೇಳಬೇಕು. ಇಲ್ಲಿಯ ರಸ್ತೆಗಳಲ್ಲಿ ಏರಿಳಿತ ಜಾಸ್ತಿ, ನಡೆದರೆ ಲೆಕ್ಕ ಬೇರೆಯಾಗುತ್ತದೆ.

ಎಲ್ಲರೂ ಹೇಳಿದ್ದರಿಂದ ಮೊದಲು ಸಪ್ತಾಪುರ ನೋಡಿದೆವು. ಸಪ್ತಾಪುರ ಬಾವಿಯ ಸುತ್ತಮುತ್ತ ಕೋಚಿಂಗ್ ಕ್ಲಾಸುಗಳು, ವಾಚನಾಲಯಗಳು, ಹಳೆಯ ಪ್ರಶ್ನೆಪತ್ರಿಕೆ ಮಾರುವ ಝೆರಾಕ್ಸ್ ಅಂಗಡಿಗಳು, ರೊಟ್ಟಿ ಊಟದ ಖಾನಾವಳಿಗಳು. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದು ಇಲ್ಲಿ ಉಳಿಯುತ್ತಾರೆ. ನಾವು ನೋಡಿದ ಒಂದು ಮನೆಯ ಮೆಟ್ಟಿಲ ತುಂಬ ಚಪ್ಪಲಿಗಳು. ಮಹಡಿಯ ಮೇಲೆ ಸಾಲಾಗಿ ಕೋಣೆಗಳು, ಪ್ರತಿ ಕೋಣೆಯಲ್ಲಿ ಮೂರು ಮಂಚ. ಗಲಾಟೆ ಏನೂ ಇರಲಿಲ್ಲ, ಓದುವ ಮಕ್ಕಳು. ಒಬ್ಬಂಟಿಯಾಗಿ ಓದಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಇಲ್ಲ ಎಂದೇ ಹೇಳುತ್ತೇನೆ: ಊಟ, ಪುಸ್ತಕ, ಜೊತೆ ಎಲ್ಲವೂ ನಡಿಗೆಯ ದೂರದಲ್ಲಿವೆ. ಸಂಸಾರಸ್ಥರಿಗೆ ಮಾತ್ರ ಲೆಕ್ಕ ಕೂಡುವುದಿಲ್ಲ. ಮಂಚಕ್ಕಿಷ್ಟು ಎಂದು ಬಾಡಿಗೆ ಎತ್ತುವ ಮಾಲಕರಿಗೆ ಮೂವರ ಕುಟುಂಬ ಕೊಡುವ ಹಣ ಕಡಿಮೆಯೇ. ಕೊಟ್ಟರೂ ಕೆಳಗಿನ ಸಂಪಿನಿಂದ ಮೇಲಿನ ಹತ್ತಾರು ಜನರ ಸ್ನಾನಕ್ಕೆ ನೀರು ಏರಬೇಕು.

ಈಗ ನೀರಿನ ಮಾತು. ಧಾರವಾಡಕ್ಕೆ ನೀರು ಬರುವುದು ಮಲಪ್ರಭೆಯಿಂದ. ಸವದತ್ತಿ ಬಳಿಯ ರೇಣುಕಾಸಾಗರದಿಂದ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧಗೊಳಿಸಿ ಊರಿಗೆ ಬಿಡುತ್ತಾರೆ. 2008ರ ಸುಮಾರಿಗೆ ಹುಬ್ಬಳ್ಳಿ ಧಾರವಾಡದ ಆಯ್ದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ವ್ಯವಸ್ಥೆ ಬಂತು. ಉಳಿದೆಡೆ ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ. ಹೀಗಾಗಿ ಬಡಾವಣೆಯ ಹೆಸರು ನೋಡಿ ನೀರಿನ ಸುಖ ಹೇಳಲಾಗದು. ಈ ಓಣಿಯಲ್ಲಿ ಸದಾ ನಳ, ತಿರುವು ದಾಟಿದರೆ ಡ್ರಮ್ಮುಗಳ ಸಾಲು.

ಮಾಲಕರನ್ನು ಕೇಳಿದರೆ "ನೀರಿನ ತೊಂದರೆ ಏನೂ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳೇ ಆಗಿರಬೇಕೆಂದಿಲ್ಲ, ಅವರಿಗೆ ಅಭ್ಯಾಸವಾಗಿರುತ್ತದೆ ಅಷ್ಟೆ. ನಾನು ಅಕ್ಕಪಕ್ಕದವರನ್ನು ಮಾತಾಡಿಸುತ್ತಿದ್ದೆ. ಅದರಲ್ಲೂ "ನೀರು ಚೆನ್ನಾಗಿ ಬರುತ್ತದೆಯೇ?" ಎಂದು ಕೇಳುತ್ತಿರಲಿಲ್ಲ, "ಕೊನೆಗೆ ಯಾವಾಗ ಬಂದಿತ್ತು?" ಎಂದು ಕೇಳುತ್ತಿದ್ದೆ. ಅಂಗಳ ಗುಡಿಸುತ್ತಿದ್ದ ಒಬ್ಬ ಅಜ್ಜಿ ಕಸಬರಿಗೆ ಊರಿಕೊಂಡು ನಿಂತು, "ಹೋದ ಸೋಮವಾರ ಬಂದಿತ್ತು ತಂಗಿ. ಇನ್ನು ಇವತ್ತು ಬರಬೇಕು. ರಾತ್ರಿ ಎರಡಕ್ಕೆ ಬಿಟ್ಟರೂ ಎದ್ದು ತುಂಬಿಕೊಳ್ಳಬೇಕು" ಎಂದರು. ಆ ದಿನ ಮಂಗಳವಾರ. ಎಂಟು ದಿನ ಎಂದು ಗುರುತು ಹಾಕಿಕೊಂಡೆ.

ಆಮೇಲಿನದು ಗುಣಾಕಾರ. ನಾವು ಮೂವರು, ತಲೆಗೆ ದಿನಕ್ಕೆ 120 ಲೀಟರ್ ಹಿಡಿದರೆ 360, ಎಂಟು ದಿನಕ್ಕೆ 2,880. ಅಂದರೆ ನಮ್ಮ ಪಾಲಿಗೇ 3,000 ಲೀಟರಿನ ಸಂಪು ಬೇಕು. ಸಂಪು ಎಷ್ಟು ದೊಡ್ಡದು ಎಂದು ಕೇಳಿ ಸುಮ್ಮನಾಗದೆ ಮುಚ್ಚಳ ತೆಗೆಸಿ ನೋಡಿದೆ. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ, ಪ್ರತಿ ಘನ ಅಡಿಗೆ 28 ಲೀಟರ್ ಎಂದು ಹಿಡಿದರೆ ಸಾಕು. ಒಂದು ಕಡೆ "ಐದು ಸಾವಿರ ಲೀಟರ್" ಎಂದದ್ದು ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಐದು ಅಡಿ ಆಳ ಇತ್ತು. ಲೆಕ್ಕಕ್ಕೆ 2,800. ಅದರಲ್ಲೇ ಮಾಲಕರ ಮನೆಗೂ ಪಾಲು. ನಮಸ್ಕಾರ ಹೇಳಿ ಹೊರಟೆವು.

ಮಳೆಯ ವಿಷಯ ಬೇಸಿಗೆಯಲ್ಲಿ ಮನೆ ನೋಡುವವರಿಗೆ ತಿಳಿಯುವುದು ಕಷ್ಟ. ಧಾರವಾಡ ಮಲೆನಾಡಿನ ಸೆರಗಿನ ಊರು, ಹಿಡಿದ ಜಡಿಮಳೆ ಬಿಡುವುದಿಲ್ಲ. ಗಾಳಿಮಳೆ ಹೊಡೆಯುವುದು ನೈಋತ್ಯದಿಂದ, ಆದ್ದರಿಂದ ನಾನು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳನ್ನೇ ಹೆಚ್ಚು ನೋಡಿದೆ. ಇಡೀ ಕೋಣೆಗೆ ಹಳೆಯ ಬಣ್ಣ, ನೆಲದಿಂದ ಎರಡಡಿ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲಿ ತೇವ ಏರುತ್ತದೆ ಎಂದೇ ಅರ್ಥ. ಗೋಡೆಯ ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿದರೆ ಬೂಸಲಿನ ವಾಸನೆ ಬೇಸಿಗೆಯಲ್ಲೂ ಸುಳಿವು ಕೊಡುತ್ತದೆ. ಪುಸ್ತಕಗಳನ್ನು ಹೊತ್ತು ತರುವವರಿಗೆ ಇದು ಸಣ್ಣ ಸಂಗತಿಯಲ್ಲ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮಳೆಗೆ ಆ ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ.

ವಿದ್ಯಾಗಿರಿಯ ಕಡೆ ಯಜಮಾನರಿಗೆ ಒಲವಿತ್ತು. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಅಲ್ಲಿ ಮನೆ ಬಾಗಿಲಿಗೇ ಸಿಕ್ಕಂತೆ. 2018ರಲ್ಲಿ ಈ ಬಸ್ಸುಗಳು ಓಡಲು ಶುರುವಾದ ಮೇಲೆ ಎರಡೂ ಊರುಗಳ ನಡುವಿನ 22 ಕಿಲೋಮೀಟರ್ ದೂರ ಜನರ ಮನಸ್ಸಿನಲ್ಲಿ ಬಹಳ ಕಡಿಮೆಯಾಗಿದೆ. ಆದರೆ ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ನಾನು ಊರು ದಾಟಿ ಹೋಗಬೇಕು. ಶ್ರೀನಗರದ ಕಡೆ ನೋಡಿದರೆ ನನಗೆ ನಡಿಗೆಯ ದೂರ, ಅವರಿಗೆ ದೂರ. ಇಬ್ಬರಿಗೂ ಅರ್ಧರ್ಧ ಕಷ್ಟ ಎಂದು ಮಾಳಮಡ್ಡಿಗೆ ಬಂದೆವು. ರೈಲು ನಿಲ್ದಾಣ ಪಕ್ಕದಲ್ಲಿ, ಮಗಳಿಗೆ ಶಾಲೆ ನಡಿಗೆಯಲ್ಲಿ, ನನಗೆ ನಗರ ಸಾರಿಗೆ ಬಸ್ಸು. ಶಕ್ತಿ ಯೋಜನೆಯಿಂದಾಗಿ ಅದರ ಖರ್ಚೂ ಇಲ್ಲ.

ಮಾಳಮಡ್ಡಿಯಲ್ಲಿ ಹಂಚಿನ ಹಳೆಯ ಮನೆಗಳಿವೆ, ಮರಗಳಿವೆ, ಸಂಜೆಯಾದರೆ ಯಾರದೋ ಮನೆಯಿಂದ ತಂಬೂರಿ ಕೇಳಿಸುತ್ತದೆ. ಇದನ್ನೆಲ್ಲ ನೋಡಿ ಮರುಳಾಗುವುದು ಸುಲಭ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಫಲಕಗಳೂ ಇವೆ. ಅಡ್ಡಹೆಸರು ಕೇಳಿ ಮುಂದಿನ ಮಾತು ಆಡುವವರೂ ಇದ್ದಾರೆ. ನಾವು ಮೊಟ್ಟೆ ಮೀನು ತಿನ್ನುವವರು. ಮುಚ್ಚಿಟ್ಟು ಮನೆ ಹಿಡಿದು ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವ ಬಾಳು ನನಗೆ ಬೇಡವಿತ್ತು. ಫೋನಿನಲ್ಲಿ ಮೊದಲ ಮಾತಿಗೇ ಹೇಳಿಬಿಡುತ್ತಿದ್ದೆ. ಕೆಲವರು ಅಲ್ಲಿಗೇ ಮುಗಿಸಿದರು. ಬೇಸರವಾಯಿತು ನಿಜ, ಆದರೆ ಬಸ್ಸು ಹತ್ತಿ ಹೋಗಿ ಅದೇ ಮಾತು ಕೇಳುವುದು ತಪ್ಪಿತು.

ಕೊನೆಗೆ ಸಿಕ್ಕಿದ್ದು ನೆಲಮಹಡಿಯ ಎರಡು ಕೋಣೆಯ ಮನೆ. ನಮ್ಮದೇ ಸಂಪು, ಹಿತ್ತಿಲಲ್ಲಿ ಪಾತ್ರೆ ಬಟ್ಟೆಗೆ ಆಗುವಷ್ಟು ನೀರಿನ ಬಾವಿ. ಬಾಡಿಗೆ ನಾವು ಅಂದುಕೊಂಡದ್ದಕ್ಕಿಂತ ಎರಡು ಸಾವಿರ ಹೆಚ್ಚು. ಹೂಂ ಎನ್ನುವ ಮೊದಲು ರಾತ್ರಿ ಒಂಬತ್ತಕ್ಕೆ ಬಸ್ ನಿಲ್ದಾಣದಿಂದ ಮನೆಯವರೆಗೆ ಒಬ್ಬಳೇ ನಡೆದು ನೋಡಿದೆ. ದೀಪ ಎಲ್ಲೆಲ್ಲಿ ಇದೆ, ನಾಯಿಗಳ ಗುಂಪು ಯಾವ ತಿರುವಿನಲ್ಲಿದೆ, ಯಾವ ಅಂಗಡಿ ಆ ಹೊತ್ತಿಗೂ ತೆರೆದಿರುತ್ತದೆ. ತಿರುವಿನ ಔಷಧ ಅಂಗಡಿ ತೆರೆದಿತ್ತು. ಆಮೇಲೆ ಒಪ್ಪಿದೆವು.

ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಒಂದು ಸಾಲು ನಾನು ಹಟ ಹಿಡಿದು ಸೇರಿಸಿದೆ: ನಳದ ನೀರು ಹತ್ತು ದಿನ ಮೀರಿ ಬಾರದಿದ್ದರೆ ಟ್ಯಾಂಕರಿನ ಖರ್ಚು ಇಬ್ಬರಿಗೂ ಅರ್ಧರ್ಧ. ಮಾಲಕರು ನಕ್ಕರು, "ಯಾರೂ ಇದನ್ನು ಬರೆಸಿಲ್ಲರೀ" ಎಂದರು, ಸಹಿ ಮಾಡಿದರು. ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಿದಾಗ ಅರ್ಧ ಹಣವನ್ನು ಅವರೇ ಬಂದು ಕೊಟ್ಟು ಹೋದರು.