ಅಸೈನ್‌ಮೆಂಟ್‌ಗೆ ‘ಸಂಸ್ಕಾರ’ ಬಂದಿದೆಯಾ? ಬಾಳೆಹಣ್ಣಿನಿಂದ ಶುರು ಮಾಡಿ

‘ಸಂಸ್ಕಾರ ಕಾದಂಬರಿಯ ವಿಮರ್ಶೆ, ಎಂಟು ಪುಟ, ಹದಿನೈದು ದಿನ.’ ಮೇಷ್ಟ್ರು ಇಷ್ಟು ಹೇಳಿ ಹೋಗುತ್ತಾರೆ. ಹದಿಮೂರು ದಿನ ಸುಮ್ನೆ ಕಳೆಯುತ್ತವೆ. ಹದಿನಾಲ್ಕನೇ ರಾತ್ರಿ ಗೈಡ್ ನೋಡಿ ಇಳಿಸುವುದು. ಬಿ.ಎ.ಯಲ್ಲಿ ನಾನೂ ಹೀಗೇ ಮಾಡಿದ್ದೆ. ಪಕ್ಕದ ಬೆಂಚಿನವನೂ ಅದೇ ಗೈಡ್ ಕೊಂಡಿದ್ದ. ಇಬ್ಬರ ಪೀಠಿಕೆಯಲ್ಲಿ ಅಲ್ಪವಿರಾಮವೂ ವ್ಯತ್ಯಾಸವಿರಲಿಲ್ಲ. ಎರಡೂ ವಾಪಸ್ ಬಂದವು.

ಮೊದಲು ಓದು. ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ (1965) ಗಾತ್ರದಲ್ಲಿ ಚಿಕ್ಕದು. ಒಂದು ಸಲ ಕತೆಗೋಸ್ಕರ ಓದಿ, ಏನೂ ಬರೆದುಕೊಳ್ಳಬೇಡಿ. 1970ರ ಸಿನಿಮಾ ನೋಡಿ ಬರೆದುಬಿಡೋಣ ಅನ್ನಿಸುತ್ತದೆ. ಗಿರೀಶ ಕಾರ್ನಾಡರು ಕಥಾನಾಯಕ ಪ್ರಾಣೇಶಾಚಾರ್ಯರಾಗಿದ್ದಾರೆ, ನೋಡುವಂಥದ್ದೇ. ಆದರೆ ಆಚಾರ್ಯರ ತಲೆಯೊಳಗಿನ ಗೊಂದಲ ಪೂರ್ತಿ ಸಿಗುವುದು ಪುಸ್ತಕದಲ್ಲೇ.

ಎರಡನೇ ಓದಿಗೆ ಪೆನ್ಸಿಲ್ ಬೇಕು. ಮತ್ತೆ ಮತ್ತೆ ಕಣ್ಣಿಗೆ ಬೀಳುವ ಏನಾದರೂ ಒಂದನ್ನು ಹಿಡಿದುಕೊಳ್ಳಿ. ನಾನಾದರೆ ಊಟ ಹಿಡಿಯುತ್ತೇನೆ. ದೂರ್ವಾಸಪುರದ ಅಗ್ರಹಾರದಲ್ಲಿ ಬ್ರಾಹ್ಮಣರ ಆಚಾರವನ್ನೆಲ್ಲ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವ ತನಕ ಯಾರೂ ಉಣ್ಣುವಂತಿಲ್ಲ, ಸುಡಬೇಕಾದವರು ಯಾರೆಂದು ತೀರ್ಮಾನವಾಗುವುದಿಲ್ಲ. ಧರ್ಮಸಂಕಟ ನೇರ ಹೊಟ್ಟೆಗೇ ಬಂತು, ಅಲ್ವಾ? ಹಸಿವು ತಡೆಯದ ದಾಸಾಚಾರ್ಯ ಗುಟ್ಟಾಗಿ ಪಾರಿಜಾತಪುರಕ್ಕೆ ಹೋಗಿ ತಿನ್ನುತ್ತಾನೆ. ಕಾಡಿನ ಕತ್ತಲಲ್ಲಿ ಆಚಾರ್ಯರಿಗೆ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಬಾಳೆಹಣ್ಣು ತಿನ್ನಿಸುತ್ತಾಳೆ. ಆಮೇಲೆ ಮೇಳಿಗೆಯಲ್ಲಿ, ಹೆಂಡತಿ ಸತ್ತ ಸೂತಕದಲ್ಲೇ, ಅವರು ದೇವಸ್ಥಾನದ ಪಂಕ್ತಿಯಲ್ಲಿ ಎಲೆ ಮುಂದೆ ಕೂರುತ್ತಾರೆ.

ಒಂದೊಂದಕ್ಕೂ ಒಂದು ಚೀಟಿ ಮಾಡಿ. ‘ಬಾಳೆಹಣ್ಣು. ಸುಲಿದು ತಿನ್ನಿಸುವವಳು ಚಂದ್ರಿ. ಆಚಾರ್ಯರ ಬಾಯಲ್ಲಿ ಅಮ್ಮಾ. ಯಾಕೆ?’ ಇಷ್ಟು ಸಾಕು. ಕೆಳಗೆ ಪುಟಸಂಖ್ಯೆ, ಯಾವ ಮುದ್ರಣ ಎಂಬುದು ಇರಲಿ. ಆಮೇಲೆ ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ.

ಈಗ ಚೀಟಿಗಳನ್ನು ಚಾಪೆ ಮೇಲೆ ಹರಡಿ. ‘ಸಂಸ್ಕಾರದಲ್ಲಿ ಹಸಿವು’ ಅನ್ನುವುದು ಬರೀ ತಲೆಬರಹ. ‘ಶಾಸ್ತ್ರ ಬಿಡಿಸಲಾಗದ ಗಂಟನ್ನು ಹಸಿವು ಬಿಡಿಸುತ್ತದೆ’ ಅಂದರೆ ಅದು ವಾದ, ಅದರ ಜೊತೆ ಯಾರಾದರೂ ಜಗಳಕ್ಕೆ ಬರಬಹುದು. ಮೊದಲು ನೀವೇ ಬನ್ನಿ. ಕೊನೆಗೆ ಹೆಣ ಸುಡಿಸಿದ್ದು ಯಾರು? ಮುಸ್ಲಿಂ ಬ್ಯಾರಿಯೊಬ್ಬನ ಸಹಾಯ ಪಡೆದು, ರಾತ್ರೋರಾತ್ರಿ, ಚಂದ್ರಿ. ಅವಳಿಂದ ಆ ಕೆಲಸ ಮಾಡಿಸಿದ್ದು ಹಸಿವಲ್ಲ. ಹಾಗಾದರೆ ಗಂಟು ಬಿಡಿಸಿದ್ದು ಹಸಿವೋ ಚಂದ್ರಿಯೋ? ವಾದಕ್ಕೆ ಒಗ್ಗದ ಈ ಚೀಟಿಯನ್ನು ಎಸೆಯುವವರೇ ಜಾಸ್ತಿ. ನೀವು ಅದಕ್ಕೆ ಒಂದು ಪುಟ ಕೊಡಿ. ಪ್ರಬಂಧದ ಜೀವ ಅಲ್ಲೇ ಇರುತ್ತದೆ.

ವಿಮರ್ಶೆಗಳನ್ನು ಓದುವುದು ಇದಾದ ಮೇಲೆ. ಮುಂಚೆಯೇ ಓದಿದರೆ ಅವರಿಗೆ ಕಂಡದ್ದೇ ನಿಮಗೂ ಕಾಣುತ್ತದೆ. ಮೂರು ನಾಲ್ಕು ಲೇಖನ ಸಾಕು. ಕಾಲೇಜು ಲೈಬ್ರರಿಯಲ್ಲಿ ಬೈಂಡ್ ಮಾಡಿಟ್ಟ ಹಳೆಯ ಸಾಹಿತ್ಯ ಪತ್ರಿಕೆಗಳಿದ್ದರೆ ಕೇಳಿ ನೋಡಿ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ (1976) ಕೊನೆಯಲ್ಲಿರುವ ಮಾತನ್ನೂ ಓದಿ. ಬೇರೆಯವರ ವಾಕ್ಯ ಬರೆದುಕೊಳ್ಳುವಾಗಲೇ ಉದ್ಧರಣ ಚಿಹ್ನೆ ಹಾಕಿ. ವಾರ ಕಳೆದರೆ ಯಾವುದು ಅವರದು, ಯಾವುದು ನಿಮ್ಮದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಬರೆಯುವುದನ್ನು ಮಧ್ಯದಿಂದ ಶುರು ಮಾಡಿ, ಒಂದು ಚೀಟಿಗೆ ಒಂದು ಪ್ಯಾರಾ. ಕತೆ ಹೇಳಬೇಡಿ, ಮೇಷ್ಟ್ರಿಗೆ ಕತೆ ಗೊತ್ತು. ಪೀಠಿಕೆ ಕೊನೆಗೆ. ‘ಕನ್ನಡದ ಮೇರು ಕೃತಿಗಳಲ್ಲಿ ಒಂದಾದ’ ಅಂತ ಶುರುವಾಗಿದ್ದರೆ ಹೊಡೆದುಹಾಕಿ.

ಎರಡು ದಿನ ಬಿಟ್ಟು ಜೋರಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಾಯಿಸಿದ್ದರೆ ಅರ್ಕಾವೊತ್ತು ಜಾಗ ತಪ್ಪಿರಬಹುದು. ಈ ವಿಷಯದಲ್ಲಂತೂ ಪುಟಕ್ಕೆ ನಾಲ್ಕು ಸಲ ‘ಧರ್ಮ’ ಬರುತ್ತದೆ. ಅದು ‘ಧಮರ್’ ಆಗಿದೆಯಾ ಅಂತ ನೋಡಿಯೇ ಪ್ರಿಂಟ್ ಕೊಡಿ.