ಸೊಂಗ್‌ಕ್ರಾನ್‌ಗೆ ಥಾಯ್ಲೆಂಡ್‌ಗೆ ಹೊರಟವರಿಗೆ

ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸ ವರ್ಷವಾದ ಸೊಂಗ್‌ಕ್ರಾನ್, ಬೀದಿಯಲ್ಲಿ ಒಬ್ಬರ ಮೇಲೊಬ್ಬರು ನೀರೆರಚುವ ಹಬ್ಬ. ಆ ದಿನಗಳಲ್ಲಿ ಬೀದಿಗಿಳಿದವರು ಒದ್ದೆಯಾಗದೆ ಮರಳುವುದಿಲ್ಲ. ‘ನನಗೆ ಬೇಡ’ ಎನ್ನುವವರು ಹೋಟೆಲಿನಲ್ಲೇ ಇರುವುದು ಲೇಸು. ಮೊಬೈಲ್, ಹಣ ಎರಡನ್ನೂ ಕೊರಳಿಗೆ ತೂಗುಹಾಕುವ ಜಲನಿರೋಧಕ ಚೀಲದಲ್ಲಿಡಿ. ಪಾಸ್‌ಪೋರ್ಟ್ ಕೋಣೆಯಲ್ಲೇ ಇರಲಿ, ಅದರ ಪ್ರತಿ ಸಾಕು. ಬಿಳಿ ಬಟ್ಟೆ ಖಂಡಿತ ಬೇಡ.

ಬ್ಯಾಂಕಾಕ್‌ನ ಸೀಲೋಮ್, ಖಾವ್ ಸಾನ್ ರಸ್ತೆಗಳಲ್ಲಿ ಉಸಿರುಗಟ್ಟುವ ಜನಸಂದಣಿ. ನನ್ನ ಮತ ಉತ್ತರ ಥಾಯ್ಲೆಂಡ್‌ನ ನಗರ ಚಿಯಾಂಗ್ ಮಾಯ್‌ಗೆ. ಅಲ್ಲಿ ಹಳೆಯ ನಗರದ ಸುತ್ತಲಿನ ಕಂದಕದ ದಂಡೆಯೇ ರಣರಂಗ. ಜನ ಅದರ ನೀರನ್ನೇ ಮೊಗೆದು ಎರಚುತ್ತಾರೆ, ಆದ್ದರಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿಯಿರಿ! ಕಣ್ಣಿಗೆ ಈಜುಗಾರರ ಕನ್ನಡಕವಿರಲಿ. ಕೆಲವರು ಮಂಜುಗಡ್ಡೆ ಬೆರೆಸಿದ ನೀರನ್ನೂ ಸುರಿಯುತ್ತಾರೆ.

ಬೆಳಿಗ್ಗೆ ದೇವಾಲಯಕ್ಕೆ ಹೋಗಿ. ಬುದ್ಧನ ವಿಗ್ರಹಕ್ಕೆ ಸುಗಂಧಜಲ ಎರೆಯುವುದು, ಹಿರಿಯರ ಅಂಗೈಗೆ ನೀರು ಹನಿಸಿ ಆಶೀರ್ವಾದ ಪಡೆಯುವುದು ಹಬ್ಬದ ಮೂಲ. ಹೆಚ್ಚಿನ ಪ್ರವಾಸಿಗರು ಇದನ್ನು ನೋಡುವುದೇ ಇಲ್ಲ. ಭಿಕ್ಷುಗಳು, ವೃದ್ಧರು, ಕೂಸುಗಳ ಮೇಲೆ ನೀರೆರಚಬೇಡಿ. ಬೈಕ್ ಸವಾರರ ಮೇಲೂ ಬೇಡ. ಈ ವಾರದಲ್ಲಿ ಅಲ್ಲಿ ರಸ್ತೆ ಅಪಘಾತಗಳು ವಿಪರೀತ, ನೀವೂ ಸ್ಕೂಟರ್ ಬಾಡಿಗೆಗೆ ಪಡೆಯಬೇಡಿ.

ಊರಿಗೆ ಹೊರಡುವವರಿಂದ ರೈಲು, ಬಸ್ಸುಗಳು ತುಂಬಿರುತ್ತವೆ, ಟಿಕೆಟ್ ಬೇಗನೆ ಕಾಯ್ದಿರಿಸಿ. ತಡವಾಗಿ ತಲುಪುವವರಿಗೆ ಪಟ್ಟಾಯ ಇದೆ: ಅಲ್ಲಿನ ದೊಡ್ಡ ನೀರಾಟ ನಡೆಯುವುದು ಏಪ್ರಿಲ್ 19ರಂದು.