‘ಈಸ್’ ಹಾಕಬೇಕಾ, ‘ಆರ್’ ಹಾಕಬೇಕಾ?

ಇಂಗ್ಲಿಷ್‌ನಲ್ಲಿ ‘ದ ಬಾಕ್ಸ್ ಆಫ್ ಮ್ಯಾಂಗೋಸ್’ ಎಂದು ಬರೆದ ಮೇಲೆ ಈಸ್ ಬರಬೇಕಾ, ಆರ್ ಬರಬೇಕಾ? ಮ್ಯಾಂಗೋಸ್ ಬಹುವಚನ. ಅದೇ ಕ್ರಿಯಾಪದದ ಪಕ್ಕದಲ್ಲಿ ಕೂತಿದೆ. ಸುಮ್ನೆ ಆರ್ ಎಂದು ಬರೆದುಬಿಡುತ್ತೇವೆ. ತಪ್ಪಾಗುವುದು ಅಲ್ಲೇ.

ಮೊದಲು ‘ಆಫ್’ನಿಂದ ಮುಂದಿನದನ್ನು ಬೆರಳಿನಿಂದ ಮುಚ್ಚಿ. ಉಳಿದದ್ದು ‘ದ ಬಾಕ್ಸ್’. ಅದು ಒಂದೇ. ಹಾಗಾಗಿ ‘ದ ಬಾಕ್ಸ್ ಆಫ್ ಮ್ಯಾಂಗೋಸ್ ಈಸ್ ಹೆವಿ’. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಇನ್ ಮೈಸೂರು’ ಕೂಡ ಹೀಗೆಯೇ. ನಾವೂ ‘ಹುಡುಗರ ಗುಂಪು ಬಂತು’ ಅಂತೀವಿ ಅಲ್ವಾ?

ಬೆರಳು ಮುಚ್ಚಿದಾಗ ಉಳಿದದ್ದು ಬರೀ ಅಳತೆಯ ಮಾತಾದರೆ ಏನು ಮಾಡುವುದು? ‘ಎ ಲಾಟ್ ಆಫ್’, ‘ಮೋಸ್ಟ್ ಆಫ್’, ‘ಸಮ್ ಆಫ್’, ‘ಹಾಫ್ ಆಫ್’ ಇಂಥವು. ಆಗ ಬೆರಳು ತೆಗೆದು ಮುಂದಿನ ಪದ ನೋಡಿ. ‘ಎ ಲಾಟ್ ಆಫ್ ಮಿಲ್ಕ್ ಈಸ್ ಲೆಫ್ಟ್’, ಆದರೆ ‘ಎ ಲಾಟ್ ಆಫ್ ಬುಕ್ಸ್ ಆರ್ ಮಿಸ್ಸಿಂಗ್’.

ಮಕ್ಕಳಿಗೆ ಜಾಸ್ತಿ ಗೊಂದಲ ಮಾಡುವುದು ‘ನಂಬರ್’. ಅದಕ್ಕಿಂತ ಮೊದಲು ‘ಎ’ ಇದೆಯಾ, ‘ದ’ ಇದೆಯಾ ಎಂದು ನೋಡಿದರೆ ಸಾಕು. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆ್ಯಬ್ಸೆಂಟ್’ ಎಂದರೆ ಹಲವರು ಬಂದಿಲ್ಲ. ಮಾತು ಮಕ್ಕಳದ್ದು. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ 40’ ಎಂದರೆ ಮಾತು ಆ ಅಂಕಿಯದ್ದು. ಅಂಕಿ ಒಂದೇ, ಅದಕ್ಕೇ ಈಸ್. ಇದನ್ನು ವಿನಾಯಿತಿ ಎಂದು ಬಾಯಿಪಾಠ ಮಾಡಿಸಬೇಡಿ. ಯಾರ ಬಗ್ಗೆ, ಯಾವುದರ ಬಗ್ಗೆ ಹೇಳುತ್ತಿದ್ದೇವೆ ಎಂದು ಕೇಳಿ. ಮಗುವೇ ಉತ್ತರ ಹೇಳುತ್ತದೆ.

ಟೀಮ್, ಫ್ಯಾಮಿಲಿ, ಕಮಿಟಿ ಬಂದಾಗ ಅಮೆರಿಕದವರು ಸಾಮಾನ್ಯವಾಗಿ ಏಕವಚನ ಬಳಸುತ್ತಾರೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಎರಡೂ ನಡೆಯುತ್ತವೆ. ಕ್ರಿಕೆಟ್ ಕಾಮೆಂಟರಿಯಲ್ಲಿ ‘ಇಂಡಿಯಾ ಆರ್ 120 ಫಾರ್ 3’ ಎಂದು ಕೇಳಿರುತ್ತೀರಿ. ಅದು ತಪ್ಪಲ್ಲ. ಅಲ್ಲಿ ಇಂಡಿಯಾ ಎಂದರೆ ಆಟಗಾರರು. ಆದರೆ ದೇಶದ ಬಗ್ಗೆ ಬರೆಯುವಾಗ ‘ಇಂಡಿಯಾ ಈಸ್’. ಕಮಿಟಿ ಒಟ್ಟಾಗಿ ತೀರ್ಮಾನಿಸಿದ್ದರೆ ‘ದ ಕಮಿಟಿ ಹ್ಯಾಸ್ ಡಿಸೈಡೆಡ್’ ಎಂದೇ ಬರೆಯಿರಿ. ಪರೀಕ್ಷೆಗೂ ಆಫೀಸ್ ಪತ್ರಕ್ಕೂ ಏಕವಚನವೇ ಕ್ಷೇಮ. ಒಂದು ಎಚ್ಚರ: ಈಸ್ ಎಂದು ಶುರು ಮಾಡಿದರೆ ಅದೇ ವಾಕ್ಯದಲ್ಲಿ ಮುಂದೆ ‘ದೇರ್’ (ಅವರ) ತರಬೇಡಿ, ‘ಇಟ್ಸ್’ (ಅದರ) ತನ್ನಿ.

‘ಪೊಲೀಸ್’ ಪದಕ್ಕೆ ಈ ಆಯ್ಕೆ ಇಲ್ಲ. ಇಲಾಖೆಯವರ ಬಗ್ಗೆ ಹೇಳುವಾಗ ‘ದ ಪೊಲೀಸ್ ಆರ್ ಕಮಿಂಗ್’ ಎಂದೇ ಬರೆಯಬೇಕು. ಬರುತ್ತಿರುವವರು ಒಬ್ಬರೇ ಆದರೆ ‘ಎ ಪೊಲೀಸ್ ಆಫೀಸರ್ ಈಸ್ ಕಮಿಂಗ್’.